ಡಾಬಿನ ಬಿಲ್ಲೆ: ತಕ್ಕಡಿಗೆ ಏರುವ ಮುನ್ನ ಒಮ್ಮೆ ತಿರುಗಿಸಿ ನೋಡಿ
ಚಿನ್ನದ ಮುಲಾಮಿನ ಹಳೆಯ ಬೆಳ್ಳಿ ಬಕಲ್ಲುಗಳ ಸಂಗ್ರಹ – ವರ್ತಕರಿಗೂ ಲೇಪನ ಘಟಕಗಳಿಗೂ ತಿಳಿದಿರಬೇಕಾದ ಸಂಗತಿಗಳು

ಬೆಂಗಳೂರಿನ ಅವೆನ್ಯೂ ರಸ್ತೆ, ನಗರ್ತಪೇಟೆ, ಚಿಕ್ಕಪೇಟೆಗಳ ಬೆಳ್ಳಿ ವ್ಯಾಪಾರದಲ್ಲಿ ಹಳೆಯ ಡಾಬೊಂದು ಅಂಗಡಿಯ ಕಟ್ಟೆಗೆ ಬಂದಾಗ ನಡೆಯುವ ಕ್ರಮ ಬಹುಮಟ್ಟಿಗೆ ಒಂದೇ. ಗಿರಾಕಿ ಬಟ್ಟೆಯ ಗಂಟು ಬಿಚ್ಚುತ್ತಾರೆ. ಡಾಬು ತಕ್ಕಡಿಯ ಮೇಲೆ ಕೂರುತ್ತದೆ. ಒಂದು ಮೂಲೆಯನ್ನು ಒರೆಗಲ್ಲಿಗೆ ತಿಕ್ಕಿ ನೋಡಲಾಗುತ್ತದೆ. ಅರಗು, ಬೆಸುಗೆಗಳ ಬಾಬ್ತು ಒಂದಿಷ್ಟು ಕಳೆದು ಅಂದಿನ ದರಕ್ಕೆ ಲೆಕ್ಕ ಹಾಕಲಾಗುತ್ತದೆ. ಮುಂಭಾಗದ ಬಿಲ್ಲೆಯ ಮೇಲೆ ಮಾಸಿದ ಚಿನ್ನದ ಹೊಳಪಿದ್ದರೆ ಅದಕ್ಕೆ ಪ್ರತ್ಯೇಕ ಬೆಲೆಯಿಲ್ಲ. ಕೆಲವೇ ದಿನಗಳಲ್ಲಿ ಅದು ಮೂಸೆಯಲ್ಲಿ ಕರಗಿ ಗಟ್ಟಿಯಾಗಿರುತ್ತದೆ.

ಈ ಕ್ರಮದಲ್ಲಿ ಮೋಸವೇನೂ ಇಲ್ಲ. ಬೆಳ್ಳಿಯ ಬೆಲೆ ಗಿರಾಕಿಗೆ ಸಂದಿರುತ್ತದೆ. ಆದರೆ ಕೆತ್ತನೆಯ ಬೆಲೆ, ಕಾಲದ ಬೆಲೆ, ಇಂದು ಯಾರೂ ಸುಲಭವಾಗಿ ಮಾಡಲಾಗದ ಮುಲಾಮಿನ ಬೆಲೆ ಇಬ್ಬರಿಗೂ ಸಿಗದೆ ಹೊಗೆಯಾಗುತ್ತದೆ. ಬೆಳ್ಳಿಯ ದರ ಏರಿದಷ್ಟೂ ಈ ನಷ್ಟ ಹೆಚ್ಚು. 1980ರ ಜನವರಿಯಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಸಮೀಪಕ್ಕೆ ಹೋದಾಗ ಲೋಕದೆಲ್ಲೆಡೆ ಹಳೆಯ ಬೆಳ್ಳಿ ಸಾಮಾನು ಕುಲುಮೆಗೆ ಹರಿಯಿತು. 2025ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲಿ ಕಿಲೋಗ್ರಾಂ ಬೆಳ್ಳಿ 2 ಲಕ್ಷ ರೂಪಾಯಿ ದಾಟಿತು. ಇಂಥ ದರದಲ್ಲಿ ಅಜ್ಜಿಯ ಡಾಬನ್ನು ಪೆಟ್ಟಿಗೆಯಲ್ಲಿ ಉಳಿಸಿಕೊಳ್ಳುವ ಮನೆಗಳು ಕಡಿಮೆಯಾಗುವುದು ಸಹಜ.

ಇನ್ನೊಂದು ದಿಕ್ಕಿನಿಂದ ಹೊಸ ಬೇಡಿಕೆಯೂ ಇದೆ. ಒಟ್ಟೊಮನ್ ಕಾಲದ ಚಿನ್ನದ ಮುಲಾಮಿನ ಬೆಳ್ಳಿ ಬಕಲ್ಲುಗಳು ಯುರೋಪಿನ ಹರಾಜುಗಳಲ್ಲಿ ಬಹುಕಾಲದಿಂದ ಸಂಗ್ರಾಹಕರ ವಸ್ತುಗಳು. ವಿದೇಶ ಸಂಚಾರವೂ ಸಂಬಳದ ಉಳಿತಾಯವೂ ಉಳ್ಳ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಉದ್ಯೋಗಿವರ್ಗಕ್ಕೆ ಇಂಥ ಹವ್ಯಾಸ ಅಪರಿಚಿತವಲ್ಲ. ಅದೇ ಹವ್ಯಾಸಕ್ಕೆ ನಮ್ಮ ನೆಲದಲ್ಲೇ ಯೋಗ್ಯ ವಸ್ತುವಿದೆ ಎಂಬುದನ್ನು ವರ್ತಕರು ಗಮನಿಸಬೇಕು.

ಚಪರಾಸಿ ಮತ್ತು ಡವಾಲಿ

ಬಕಲ್ಲಿನ ಚರಿತ್ರೆ ನಮ್ಮ ಕಚೇರಿಗಳ ಭಾಷೆಯಲ್ಲೇ ಅಡಗಿದೆ. ಪರ್ಷಿಯನ್ನಿನ ‘ಚಪ್-ಓ-ರಾಸ್ತ್’ ಎಂದರೆ ‘ಎಡ-ಬಲ’. ಎಡದಿಂದೊಂದು ತುದಿ, ಬಲದಿಂದೊಂದು ತುದಿ ಬಂದು ಕೂಡುವ ಕೊಂಡಿಗೆ ಈ ಹೆಸರು ಅಂಟಿತು. ಹಿಂದೂಸ್ತಾನಿಯಲ್ಲಿ ಅದು ‘ಚಪ್ರಾಸ್’ ಆಗಿ, ಪಟ್ಟಿಗೆ ಜೋಡಿಸಿದ ಹಿತ್ತಾಳೆಯ ಬಿಲ್ಲೆಯನ್ನು ಸೂಚಿಸಿತು. ಆ ಬಿಲ್ಲೆ ಧರಿಸಿದವನೇ ಚಪರಾಸಿ. ಅಡ್ಡವಾಗಿ ಹಾದುಹೋಗುವುದನ್ನು ಸೂಚಿಸುವ ತುರ್ಕಿಯ ‘ಚಪ್ರಾಜ್’ ಕೂಡ ಇದೇ ಮೂಲದ್ದು. ಮೈಸೂರು ಸಂಸ್ಥಾನದ ದಲಾಯತರು ಧರಿಸುತ್ತಿದ್ದ ‘ಡವಾಲಿ’ಯ ಬೇರು ತೊಗಲಿನ ಪಟ್ಟಿ ಎಂಬರ್ಥದ ಪರ್ಷಿಯನ್ ಪದದಲ್ಲಿದೆ. ನಡುಪಟ್ಟಿ ಬಟ್ಟೆಯನ್ನು ಬಿಗಿಯುವ ಸಾಧನ ಮಾತ್ರವಾಗಿರಲಿಲ್ಲ. ಅದನ್ನು ಧರಿಸಿದವರು ಯಾರ ಸೇವೆಯಲ್ಲಿದ್ದಾರೆ, ಯಾವ ಅಂತಸ್ತಿನವರು ಎಂಬುದನ್ನು ಅದು ಹೇಳುತ್ತಿತ್ತು.

ಆ ರಾಜ್ಯದೊಡನೆ ನಮ್ಮ ನಾಡಿಗೆ ನೇರ ವ್ಯವಹಾರವೂ ಇತ್ತು. ಟಿಪ್ಪು ಸುಲ್ತಾನನು ಗುಲಾಮ್ ಅಲಿ ಖಾನನ ನೇತೃತ್ವದಲ್ಲಿ 1786ರಲ್ಲಿ ಕಳುಹಿಸಿದ ನಿಯೋಗವು 1787ರಲ್ಲಿ ಇಸ್ತಾಂಬುಲ್ ತಲುಪಿ ಸುಲ್ತಾನ್ ಒಂದನೆಯ ಅಬ್ದುಲ್ ಹಮೀದನನ್ನು ಕಂಡಿತು. ಬಸ್ರಾ ಬಂದರಿನಲ್ಲಿ ವ್ಯಾಪಾರದ ಅನುಕೂಲ ಪಡೆಯುವುದು ನಿಯೋಗದ ಉದ್ದೇಶಗಳಲ್ಲಿ ಒಂದು. ರೋಗರುಜಿನಗಳಿಗೆ ತುತ್ತಾಗಿ ಹೋದವರಲ್ಲಿ ಬಹುಮಂದಿ ಮರಳಲಿಲ್ಲ. ಅಪೇಕ್ಷಿಸಿದ ವ್ಯಾಪಾರವೂ ಕೈಗೂಡಲಿಲ್ಲ.

ಒಟ್ಟೊಮನ್ ಬಕಲ್ಲಿನ ಲಕ್ಷಣ

ಒಟ್ಟೊಮನ್ ಆಳ್ವಿಕೆಯ ನಾಡುಗಳಲ್ಲಿ ಬಕಲ್ಲು ಮುಖ್ಯವಾಗಿ ಹೆಣ್ಣುಮಕ್ಕಳ ಮದುವೆಯ ಒಡವೆ. ಬಾಲ್ಕನ್ ಪ್ರದೇಶದಲ್ಲಿ ‘ಪಾಫ್ತಾ’ ಎಂಬ ಜೋಡಿ ಫಲಕಗಳು ಪ್ರಸಿದ್ಧ. ನಮ್ಮ ಸೀರೆಯಂಚಿನ ಮಾವಿನಕಾಯಿಯನ್ನು ಹೋಲುವ ಎರಡು ಬಿಲ್ಲೆಗಳು ಎದುರುಬದುರಾಗಿ ಕೂಡುತ್ತವೆ. ಪೂರ್ವದ ವಾನ್ ಪಟ್ಟಣವು ಬೆಳ್ಳಿಯ ಗೀರುಗಳಲ್ಲಿ ಕಪ್ಪು ಮಿಶ್ರಣ ತುಂಬಿ ಸುಡುವ ಕೆಲಸಕ್ಕೆ ಹೆಸರಾಗಿತ್ತು. ಕಪ್ಪು ಸಮುದ್ರದ ದಡದ ಟ್ರಾಬ್ಜಾನ್ ಪಟ್ಟಣದ್ದು ಎಳೆಎಳೆಯಾದ ಲೋಹದ ತಂತಿಯನ್ನು ಚಾಪೆಯಂತೆ ಹೆಣೆಯುವ ಕಸುಬು. ಅದು ಇಂದಿಗೂ ಜೀವಂತವಾಗಿದೆ.

ಅಧಿಕೃತ ಪರೀಕ್ಷೆಗೆ ಒಳಗಾದ ಬೆಳ್ಳಿಯ ಮೇಲೆ ಆಳುತ್ತಿದ್ದ ಸುಲ್ತಾನನ ಸಹಿಮುದ್ರೆಯಾದ ‘ತುಘ್ರಾ’ವನ್ನೂ, ಶುದ್ಧ ಎಂಬ ಅರ್ಥದ ‘ಸಹ್’ ಎಂಬ ಅರಬ್ಬೀ ಲಿಪಿಯ ಗುರುತನ್ನೂ ಒತ್ತುತ್ತಿದ್ದರು. ತುಘ್ರಾ ಸುಲ್ತಾನನಿಂದ ಸುಲ್ತಾನನಿಗೆ ಬದಲಾಗುವುದರಿಂದ ವಸ್ತುವಿನ ಕಾಲ ನಿರ್ಣಯಕ್ಕೆ ಅದು ಆಧಾರ. ಆದರೆ ಹಳ್ಳಿ-ಪಟ್ಟಣಗಳ ಅಕ್ಕಸಾಲಿಗರು ಮಾಡಿದ ಎಷ್ಟೋ ಬಕಲ್ಲುಗಳಲ್ಲಿ ಯಾವ ಮುದ್ರೆಯೂ ಇಲ್ಲ. ಮುದ್ರೆ ಇಲ್ಲವೆಂದು ಹಳೆಯದಲ್ಲ ಎನ್ನಲಾಗದು. ಇದೆಯೆಂದು ನಿಜವೂ ಎನ್ನಲಾಗದು. ಮುದ್ರೆಯೂ ನಕಲಾಗುತ್ತದೆ.

ನಮ್ಮ ನಾಡಿನ ಡಾಬು

ಒಡ್ಯಾಣ, ಡಾಬು, ಸೊಂಟಪಟ್ಟಿ – ಹೆಸರು ಹಲವು. 1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳ ನಡುವಿನಲ್ಲೇ ಸಾಲುಸಾಲು ಕಟಿಸೂತ್ರಗಳನ್ನು ಕಾಣಬಹುದು. ಲೋಹದಲ್ಲಿ ಉಳಿದುಬಂದಿರುವ ಡಾಬುಗಳು ಬಹುತೇಕ 19 ಮತ್ತು 20ನೆಯ ಶತಮಾನದವು. ಬೆಳ್ಳಿಯ ಸರಿಗೆಯನ್ನು ಹೆಣೆದ ಪಟ್ಟಿ, ಮುಂದೆ ಉಬ್ಬು ಕೆಲಸದ ಬಿಲ್ಲೆ, ಬದಿಯಲ್ಲಿ ತಿರುಪು ಅಥವಾ ಕಡ್ಡಿ – ಇದು ಒಂದು ಬಗೆ. ಕೀಲು ಕೂಡಿಸಿದ ಫಲಕಗಳ ಸಾಲು ಮತ್ತೊಂದು. ಬಿಲ್ಲೆಯ ಮೇಲೆ ಗಜಲಕ್ಷ್ಮಿ, ಜೋಡಿ ನವಿಲು, ಹಂಸ, ಕಮಲ, ಕೆಲವೊಮ್ಮೆ ಗಂಡಭೇರುಂಡ. ಟ್ರಾಬ್ಜಾನಿನ ಹೆಣಿಗೆಯನ್ನೂ ನಮ್ಮ ಸರಿಗೆ ಹೆಣಿಗೆಯನ್ನೂ ಅಕ್ಕಪಕ್ಕ ಇಟ್ಟರೆ ಕಸುಬಿನ ಹೋಲಿಕೆ ಯಾವ ಅಕ್ಕಸಾಲಿಗನಿಗೂ ಹೊಳೆಯುತ್ತದೆ.

ಚಿನ್ನದ ಮುಲಾಮು ಕಾಣುವುದು ವಿಶೇಷವಾಗಿ ದೇವರ ಒಡವೆಗಳಲ್ಲಿ ಮತ್ತು ನೃತ್ಯದವರ ಒಡ್ಯಾಣಗಳಲ್ಲಿ. ಬೆಳ್ಳಿಯ ತಗಡಿಗೆ ಕೆಂಪು ಹರಳು ಕೂರಿಸಿ ಮೇಲೆ ಚಿನ್ನ ಹೊದಿಸುವ ಈ ಕೆಲಸಕ್ಕೆ ದಕ್ಷಿಣ ತುದಿಯ ನಾಗರಕೋವಿಲ್ ಪ್ರದೇಶ ಹೆಸರುವಾಸಿ. ಕೊಡಗಿನ ಪುರುಷರ ಉಡುಪಿನದು ಬೇರೆಯೇ ದಾರಿ: ರೇಷ್ಮೆಯ ಚೇಲೆಗೆ ಸಿಕ್ಕಿಸುವ ಬೆಳ್ಳಿಯ ಕೆಲಸದ ಪೀಚೆಕತ್ತಿ, ಬೆನ್ನ ಹಿಂದೆ ಒಡಿಕತ್ತಿಯನ್ನು ಹಿಡಿದಿಡುವ ಹಿತ್ತಾಳೆಯ ತೊಡಂಗ್.

ಈ ಒಡವೆಗಳ ಬೆಳ್ಳಿ ಎಲ್ಲಿಂದ ಬಂತು ಎಂಬುದೂ ಮುಖ್ಯ. ರೂಪಾಯಿ ನಾಣ್ಯಗಳನ್ನು ಅಕ್ಕಸಾಲಿಗನ ಕೈಗೆ ಕೊಟ್ಟು ಒಡವೆ ಮಾಡಿಸುವುದು ಹಿಂದಿನ ರೂಢಿ. 1835ರಿಂದ 1939ರವರೆಗಿನ ಬ್ರಿಟಿಷ್ ಭಾರತದ ಬೆಳ್ಳಿ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು, ಅಂದರೆ ಶೇಕಡಾ 91.7ರಷ್ಟು ಬೆಳ್ಳಿ. 1940ರ ನಂತರ ಅದು ಶೇಕಡಾ 50ಕ್ಕೆ ಇಳಿಯಿತು. 40 ರೂಪಾಯಿ ತೂಕದ ಡಾಬು ಎಂದರೆ ಸುಮಾರು 466 ಗ್ರಾಂ. ಪರೀಕ್ಷೆಯಲ್ಲಿ ಶೇಕಡಾ 91-92ರ ಆಸುಪಾಸಿನ ಅಂಕಿ ಬಂದರೆ ಅದು ನಾಣ್ಯದ ಬೆಳ್ಳಿಯಾಗಿರಬಹುದು ಎಂದು ಊಹಿಸಲು ಅವಕಾಶವಿದೆ.

ಪಾದರಸದ ಮುಲಾಮು, ವಿದ್ಯುತ್ತಿನ ಲೇಪ

ಹಳೆಯ ಮುಲಾಮಿನ ವಿದ್ಯೆ ಸರಳ, ಆದರೆ ಭಯಂಕರ. ಚಿನ್ನವನ್ನು ಪಾದರಸದಲ್ಲಿ ಬೆರೆಸಿ ಬೆಣ್ಣೆಯಂಥ ಮಿಶ್ರಣ ಮಾಡಿ, ಶುಚಿಗೊಳಿಸಿದ ಬೆಳ್ಳಿಗೆ ಬಳಿದು ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾದರಸ ಕುದಿಯುವುದು 357 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬೆಳ್ಳಿ ಕರಗುವುದು 962 ಡಿಗ್ರಿಯಲ್ಲಿ. ಆದ್ದರಿಂದ ಪಾದರಸ ಆವಿಯಾಗಿ ಹೋಗಿ ಚಿನ್ನ ಬೆಳ್ಳಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಆ ಆವಿಯನ್ನು ಉಸಿರಾಡಿದ ಕುಶಲಕರ್ಮಿಗಳ ಕೈ ನಡುಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಬುದ್ಧಿ ಕದಡುತ್ತಿತ್ತು. ಪಾದರಸದ ಬಳಕೆಯನ್ನು ನಿಯಂತ್ರಿಸುವ ಮಿನಮಾತಾ ಒಪ್ಪಂದವನ್ನು ಭಾರತವು 2018ರಲ್ಲಿ ಅನುಮೋದಿಸಿದೆ. ಹಳೆಯ ಬಕಲ್ಲಿಗೆ ‘ಹಳೆಯ ರೀತಿಯಲ್ಲೇ’ ಮುಲಾಮು ಮಾಡಿಕೊಡಿ ಎಂದು ಕೇಳುವವರಿಗೆ ಯಾವ ಘಟಕವೂ ಒಪ್ಪಬಾರದು.

1805ರಲ್ಲಿ ಇಟಲಿಯ ಬ್ರುನ್ಯಾತೆಲ್ಲಿ ವೋಲ್ಟಾನ ವಿದ್ಯುತ್ಕೋಶದ ನೆರವಿನಿಂದ ಬೆಳ್ಳಿಯ ಪದಕಗಳಿಗೆ ಚಿನ್ನ ಹೊದಿಸಿದರು. 1840ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಬಂಧುಗಳು ಸಯನೈಡ್ ದ್ರಾವಣದ ವಿಧಾನಕ್ಕೆ ಪೇಟೆಂಟ್ ಪಡೆದರು. ಪೀಣ್ಯದ ಲೇಪನ ಘಟಕಗಳಲ್ಲಿ ಇಂದು ಕನೆಕ್ಟರುಗಳಿಗೂ ಸ್ವಿಚ್ಚಿನ ಬಿಂದುಗಳಿಗೂ ಚಿನ್ನ ಹೊದಿಸುವ ತೊಟ್ಟಿಗಳ ಮೂಲ ಅಲ್ಲಿಯೇ ಇದೆ. ಸೊಂಟದ ಬಕಲ್ಲೂ ಸರ್ಕ್ಯೂಟಿನ ಕನೆಕ್ಟರೂ ಒಂದೇ ವಿದ್ಯೆಯ ಎರಡು ಕವಲುಗಳು.

ಲೇಪದ ದಪ್ಪದ ಲೆಕ್ಕವನ್ನು ವರ್ತಕರು ತಿಳಿದಿರಬೇಕು. 100 ಚದರ ಸೆಂಟಿಮೀಟರ್ ಮೇಲ್ಮೈಗೆ ಒಂದು ಮೈಕ್ರಾನ್ ದಪ್ಪದ ಚಿನ್ನ ಹೊದಿಸಿದರೆ ಹಿಡಿಯುವ ಚಿನ್ನ ಸುಮಾರು 0.19 ಗ್ರಾಂ. ದಪ್ಪನೆಯ ಪಾದರಸ ಮುಲಾಮು 5 ಮೈಕ್ರಾನ್ ಇದ್ದರೂ ಒಂದು ಗ್ರಾಂ ಮೀರುವುದಿಲ್ಲ. ಇಂದಿನ ತೆಳು ಲೇಪ ಅರ್ಧ ಮೈಕ್ರಾನಿಗೂ ಕಡಿಮೆ ಇರಬಹುದು. ಮುಲಾಮಿನ ಬೆಲೆ ಇರುವುದು ಅದರಲ್ಲಿನ ಚಿನ್ನದಲ್ಲಲ್ಲ; ಅದು ಮೂಲದ್ದೇ ಆಗಿ ಉಳಿದಿದೆ ಎಂಬುದರಲ್ಲಿ.

ಕೆಡಿಸದೆ ಪರೀಕ್ಷಿಸುವುದು ಹೇಗೆ?

ಮೊದಲನೆಯದಾಗಿ, ಮುಲಾಮಿನ ಮುಖವನ್ನು ಒರೆಗಲ್ಲಿಗೆ ಹಚ್ಚಬಾರದು. ಒಂದೇ ಉಜ್ಜಿಗೆ ನೂರು ವರ್ಷದ ಲೇಪ ಕಿತ್ತುಹೋಗುತ್ತದೆ. ಬಿಲ್ಲೆಯನ್ನು ತಿರುಗಿಸಿ ಹಿಂಭಾಗ ನೋಡಬೇಕು. ಕೈಯಿಂದ ಬಡಿದ ಉಬ್ಬು ಕೆಲಸದಲ್ಲಿ ಮುಂದಿನ ಉಬ್ಬಿಗೆ ಸರಿಯಾಗಿ ಹಿಂದೆ ತಗ್ಗು ಇರುತ್ತದೆ, ಉಳಿ-ಸುತ್ತಿಗೆಯ ಗುರುತು ಕಾಣುತ್ತದೆ. ಎರಕ ಹೊಯ್ದ ನಕಲಿನ ಹಿಂಭಾಗದಲ್ಲಿ ಸಣ್ಣ ರಂಧ್ರಗಳೂ ಮರಳಿನಂಥ ಒರಟೂ ಇರುತ್ತವೆ. ನಿಜವಾಗಿ ಧರಿಸಿದ ಬಕಲ್ಲಿನಲ್ಲಿ ಸವಕಳಿ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ಕೊಂಡಿ, ಕೀಲು, ಎತ್ತರದ ಉಬ್ಬುಗಳಲ್ಲಿ ಚಿನ್ನ ಸವೆದು ಬೆಳ್ಳಿ ಇಣುಕುತ್ತದೆ, ತಗ್ಗುಗಳಲ್ಲಿ ಚಿನ್ನ ಉಳಿದಿರುತ್ತದೆ.

ಎರಡನೆಯದಾಗಿ, ಎಕ್ಸ್‌ಆರ್‌ಎಫ್ ಯಂತ್ರದ ಅಂಕಿಯನ್ನು ಅರಿತು ಓದಬೇಕು. ಆ ಕಿರಣ ನೋಡುವುದು ಮೇಲ್ಪದರವನ್ನು ಮಾತ್ರ. ಮುಲಾಮಿನ ಮೇಲೆ ಹಿಡಿದರೆ ಚಿನ್ನ ಹೆಚ್ಚು ತೋರಿಸಿ ಬೆಳ್ಳಿಯ ಶುದ್ಧತೆಯ ಬಗ್ಗೆ ತಪ್ಪು ಅಂಕಿ ಕೊಡುತ್ತದೆ. ಆದ್ದರಿಂದ ಮುಂದೆ ಒಮ್ಮೆ, ಮುಲಾಮಿಲ್ಲದ ಹಿಂಭಾಗದಲ್ಲಿ ಒಮ್ಮೆ ಪರೀಕ್ಷಿಸಬೇಕು. ಮುಂಭಾಗದಲ್ಲಿ ಪಾದರಸದ ಅಂಶ ಕಂಡರೆ ಅದು ಕೆಂಡದ ಮುಲಾಮಿನ ಸುಳಿವು. ಚಿನ್ನದ ಕೆಳಗೆ ನಿಕ್ಕಲ್ ಕಂಡರೆ ಆಧುನಿಕ ಲೇಪದ ಸುಳಿವು. ಬೆಳ್ಳಿ ಚಿನ್ನದೊಳಗೆ ಹರಿದು ಮಾಸದಂತೆ ತಡೆಯಲು ನಡುವೆ ನಿಕ್ಕಲ್ ಹಾಕುವುದು ಈಗಿನ ಪದ್ಧತಿ ಎಂಬುದು ಪೀಣ್ಯದ ಯಾವ ಲೇಪನ ಉದ್ಯಮಿಗೂ ಗೊತ್ತು.

ಮೂರನೆಯದು ನೀರಿನ ತೂಕ. ಶುದ್ಧ ಬೆಳ್ಳಿಯ ಸಾಂದ್ರತೆ 10.49, ನಾಣ್ಯದ ಬೆಳ್ಳಿಯದು ಸುಮಾರು 10.34, ಬೆಳ್ಳಿಯ ಅಂಶವೇ ಇಲ್ಲದ ಜರ್ಮನ್ ಸಿಲ್ವರಿನದು ಸುಮಾರು 8.6. ಗಾಳಿಯಲ್ಲಿ 207 ಗ್ರಾಂ ತೂಗುವ ಬಿಲ್ಲೆ ನೀರಿನಲ್ಲಿ ಮುಳುಗಿದಾಗ 20 ಗ್ರಾಂ ಕಡಿಮೆ ತೂಗಿದರೆ ಸಾಂದ್ರತೆ 10.35. ಅದೇ 24 ಗ್ರಾಂ ಕಡಿಮೆಯಾದರೆ 8.6, ವಸ್ತು ಬೆಳ್ಳಿಯದಲ್ಲ. ಆದರೆ ನಮ್ಮ ಹಳೆಯ ಒಡವೆಗಳ ಪೊಳ್ಳಿನಲ್ಲಿ ಅರಗು ತುಂಬಿರುವುದುಂಟು. ಅಂಥವುಗಳಿಗೆ ಈ ಲೆಕ್ಕ ಒಪ್ಪುವುದಿಲ್ಲ; ನೀರಿನಲ್ಲಿ ಅದ್ದುವುದೂ ಸಲ್ಲದು.

ಕಾನೂನಿನ ಗೆರೆ

ಈ ವ್ಯಾಪಾರದಲ್ಲಿ ಎಡವಲು ಹೆಚ್ಚು ಹೊತ್ತು ಬೇಡ. ‘ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972’ ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಅದರ ಮುಖ್ಯಾಂಶಗಳನ್ನು ಪ್ರತಿಯೊಬ್ಬ ವರ್ತಕನೂ ತಿಳಿದಿರಬೇಕು.

• ಕನಿಷ್ಠ 100 ವರ್ಷ ಹಳೆಯದಾದ ಕಲೆ-ಕುಶಲಕೆಲಸದ ವಸ್ತು ಪ್ರಾಚೀನ ವಸ್ತುವಿನ ವ್ಯಾಖ್ಯೆಯಡಿ ಬರುತ್ತದೆ. ಒಟ್ಟೊಮನ್ ಸುಲ್ತಾನರ ಆಳ್ವಿಕೆ 1922ರಲ್ಲಿ ಕೊನೆಗೊಂಡಿತು; ಆ ಕಾಲದ ನಿಜವಾದ ಬಕಲ್ಲುಗಳೆಲ್ಲ ಈಗ ನೂರು ದಾಟಿವೆ.
• ಪ್ರಾಚೀನ ವಸ್ತುಗಳ ಮಾರಾಟವನ್ನು ವ್ಯಾಪಾರವಾಗಿ ನಡೆಸಲು ಪರವಾನಗಿ ಕಡ್ಡಾಯ. ಖಾಸಗಿ ವ್ಯಕ್ತಿ ತನ್ನ ಹವ್ಯಾಸಕ್ಕೆ ಇಟ್ಟುಕೊಳ್ಳುವುದು ಬೇರೆ ಮಾತು. ಕಡ್ಡಾಯ ನೋಂದಣಿ ಅಧಿಸೂಚಿತ ವರ್ಗಗಳಿಗೆ ಮಾತ್ರ ಅನ್ವಯಿಸುತ್ತದೆ.
• ಖಾಸಗಿಯವರು ಪ್ರಾಚೀನ ವಸ್ತುವನ್ನು ರಫ್ತು ಮಾಡುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 3 ವರ್ಷದವರೆಗೆ ಸೆರೆವಾಸ ಮತ್ತು ದಂಡ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ಡಾಬನ್ನು ಕೊರಿಯರ್ ಮಾಡುವವರೂ ಇದನ್ನು ನೆನಪಿಡಬೇಕು. ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ‘ಪ್ರಾಚೀನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬೇಕು. ಇಲಾಖೆಯ ಬೆಂಗಳೂರು ವಲಯ ಕಚೇರಿ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.
• ಮಣ್ಣು ಅಗೆಯುವಾಗ ಸಿಕ್ಕ ಒಡವೆಗೆ ಕರ್ನಾಟಕ ನಿಧಿ ನಿಕ್ಷೇಪ ಅಧಿನಿಯಮ, 1962 ಅನ್ವಯಿಸುತ್ತದೆ; ಅದನ್ನು ನೇರವಾಗಿ ಕೊಳ್ಳಕೂಡದು.
• ಕದ್ದ ಮಾಲು ಎಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಪ್ರಕರಣದಡಿ ಅಪರಾಧ. ದೇವರ ಒಡ್ಯಾಣದಂತೆ ಕಾಣುವ ಮುಲಾಮಿನ ಬಿಲ್ಲೆ ಬಂದಾಗ ಮಾರುವವರ ಗುರುತು, ವಿಳಾಸ, ಮೂಲದ ಬರಹವಿಲ್ಲದೆ ಮುಟ್ಟದಿರುವುದೇ ಕ್ಷೇಮ.

ತುರ್ಕಿಯೂ 1983ರ 2863ನೆಯ ಸಂಖ್ಯೆಯ ಕಾನೂನಿನಿಂದ ತನ್ನ ಸಾಂಸ್ಕೃತಿಕ ಸ್ವತ್ತುಗಳ ರಫ್ತನ್ನು ನಿರ್ಬಂಧಿಸಿದೆ. ಇಸ್ತಾಂಬುಲ್‌ನ ಪೇಟೆಯಲ್ಲಿ ಕೊಂಡು ಜೇಬಿನಲ್ಲಿ ತಂದೆ ಎಂಬ ಮಾತು ಹೆಮ್ಮೆಯದಲ್ಲ, ಅಪಾಯದ್ದು.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವರ್ತಕನು ಹೂಡುವಳಿ ತೆರಿಗೆ ಜಮೆ ಪಡೆಯದಿದ್ದರೆ, ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ಜಿಎಸ್‌ಟಿ ಲೆಕ್ಕ ಹಾಕಲು ನಿಯಮ 32(5) ಅವಕಾಶ ನೀಡುತ್ತದೆ. ನೂರು ವರ್ಷ ಮೀರಿದ ಪ್ರಾಚೀನ ವಸ್ತುಗಳಿಗೆ 9706 ಎಂಬ ಪ್ರತ್ಯೇಕ ಶೀರ್ಷಿಕೆಯಿದೆ. ಯಾವುದು ತಮಗೆ ಅನ್ವಯಿಸುತ್ತದೆ ಎಂಬುದನ್ನು ಲೆಕ್ಕಪರಿಶೋಧಕರಿಂದ ತಿಳಿದುಕೊಳ್ಳುವುದು ಮೇಲು. ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ.

ಪೀಣ್ಯಕ್ಕೆ ಏನು ಕೆಲಸ?

ಹಳೆಯ ಬಕಲ್ಲಿಗೆ ಲೇಪನ ಘಟಕ ಮಾಡಬಹುದಾದ ಅತ್ಯುತ್ತಮ ಸೇವೆಯೆಂದರೆ ಅದಕ್ಕೆ ಲೇಪ ಹಾಕದಿರುವುದು. ಹೊಳಪು ಚಕ್ರಕ್ಕೆ ಹಿಡಿದು ಹೊಸದಾಗಿ ಚಿನ್ನ ಹೊದಿಸಿದ ಬಿಲ್ಲೆ ಕಣ್ಣಿಗೆ ಚೆಂದ. ಸಂಗ್ರಾಹಕನಿಗೆ ಅದರ ಅರ್ಧ ಕಥೆ ಅಳಿಸಿಹೋಗಿರುತ್ತದೆ. ಬೆಳ್ಳಿ ತೊಳೆಯುವ ಆಮ್ಲೀಯ ದ್ರಾವಣಗಳೂ ಸಲ್ಲವು. ಮೃದುವಾದ ಬಟ್ಟೆ, ಒಣ ಜಾಗ, ಆಮ್ಲರಹಿತ ಕಾಗದದ ಹೊದಿಕೆ ಸಾಕು. ಗಂಧಕದ ಅಂಶವುಳ್ಳ ರಬ್ಬರ್ ಪಟ್ಟಿ ಸುತ್ತಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ.

ಆದರೆ ಪ್ರತಿಕೃತಿಗಳ ತಯಾರಿಕೆಯಲ್ಲಿ ನ್ಯಾಯವಾದ ಅವಕಾಶವಿದೆ. ಅಚ್ಚು ಕೊರೆಯುವವರು, ನಿಖರ ಎರಕದವರು, ಲೇಪನದವರು ಪೀಣ್ಯದಲ್ಲಿ ಕೂಗಳತೆಯಲ್ಲೇ ಇದ್ದಾರೆ. ಮದುವೆ ಮತ್ತು ನೃತ್ಯದ ಉಡುಪಿಗೆ ಒಡ್ಯಾಣದ ಬೇಡಿಕೆ ನಿಂತಿಲ್ಲ. ಹಳೆಯ ಬಿಲ್ಲೆಯೊಂದನ್ನು ಮುಟ್ಟದೆ ಅಳೆದು, ಅದರ ಮಾದರಿಯಲ್ಲಿ 925ರ ಶುದ್ಧತೆಯ ಬೆಳ್ಳಿಯಲ್ಲಿ ಹೊಸದನ್ನು ಮಾಡಿ, ಲೇಪದ ದಪ್ಪವನ್ನು ಮೈಕ್ರಾನ್‌ನಲ್ಲಿ ಚೀಟಿಯ ಮೇಲೆ ನಮೂದಿಸಿ ಮಾರುವುದು ಪ್ರಾಮಾಣಿಕ ವ್ಯಾಪಾರ. ಬೆಳ್ಳಿಯ ಹಾಲ್‌ಮಾರ್ಕ್ ನಮ್ಮಲ್ಲಿ 2005ರಲ್ಲಿ ಆರಂಭವಾಯಿತು. 2025ರ ಸೆಪ್ಟೆಂಬರ್ 1ರಿಂದ ಪ್ರತಿ ವಸ್ತುವಿಗೂ ವಿಶಿಷ್ಟ ಸಂಖ್ಯೆ ನೀಡುವ ಪದ್ಧತಿ ಸ್ವಯಂಪ್ರೇರಿತ ನೆಲೆಯಲ್ಲಿ ಬಂದಿದೆ. ಹಿಂಭಾಗದಲ್ಲಿ ತಯಾರಕರ ಗುರುತೂ ವರ್ಷವೂ ಇರಲಿ. ಇಲ್ಲವಾದರೆ ಇಂದಿನ ಪ್ರತಿಕೃತಿ ಮುಂದೊಂದು ದಿನ ಯಾರದೋ ಕೈಯಲ್ಲಿ ನಕಲಿ ಪ್ರಾಚೀನ ವಸ್ತುವಾಗುತ್ತದೆ.

ಅಂಗಡಿಯ ವರ್ತಕನಿಂದ ನಿರೀಕ್ಷಿಸುವುದು ಅದಕ್ಕಿಂತಲೂ ಸಣ್ಣ ಕೆಲಸ. ಹಳೆಯ ಡಾಬು ಬಂದ ದಿನವೇ ಕರಗಿಸದೆ ಹಿಂದೆ-ಮುಂದೆ ಒಂದೊಂದು ಛಾಯಾಚಿತ್ರ, ತೂಕ, ಅಳತೆ, ಬಂದ ಊರಿನ ಹೆಸರನ್ನು ಬರೆದಿಟ್ಟುಕೊಳ್ಳುವುದು. ವಿಶೇಷವಾಗಿ ಕಂಡರೆ ಮಾರುವವರಿಗೇ ಆ ಮಾತು ಹೇಳುವುದು. ‘ಇದನ್ನು ಇಟ್ಟುಕೊಳ್ಳಿ, ಅಮ್ಮ, ಇಂಥದ್ದನ್ನು ಈಗ ಮಾಡುವವರಿಲ್ಲ’ ಎಂದ ಅಂಗಡಿಗೆ ಒಂದು ದಿನದ ಲಾಭ ತಪ್ಪಬಹುದು. ಮಗಳ ಮದುವೆಗೆ ಆ ಮನೆಯವರು ಬರುವುದು ಅದೇ ಅಂಗಡಿಗೆ. ವಿಶ್ವಾಸದ ಮೇಲೆ ನಿಂತ ವ್ಯಾಪಾರಕ್ಕೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.